ಮಣ್ಣಿಗೆ ಹೊಂಟೇವಿ ಎಂದ ಮಶಾಕಸಾಬ

ತಿಕೋಟಾದ ಮಶಾಕಸಾಬ ಬಾಗವಾನನಿಗೆ ಕಾಯುವುದೆಂದರೆ ಮೈಮೇಲೆ ಇರುವೆ ಹರಿದಂತೆ. ಮದುವೆ ಮನೆಯ ಪಂಕ್ತಿಯಾಗಲಿ, ವಿಜಯಪುರದ ಬ್ಯಾಂಕಿನ ಸರದಿ ಸಾಲಾಗಲಿ, ರೈಲ್ವೆ ಗೇಟಾಗಲಿ, ಆತ ತನ್ನ ಪಾಳಿಗೆ ನಿಂತದ್ದನ್ನು ಕಂಡವರಿಲ್ಲ. ಮಣೂಕದ ವ್ಯಾಪಾರ ಆತನದು. ಸುತ್ತಲಿನ ತೋಟಗಳಲ್ಲಿ ಒಣಗಿಸಿದ ದ್ರಾಕ್ಷಿ ಕೊಂಡು, ಹಸನು ಮಾಡಿಸಿ, ಪೆಟ್ಟಿಗೆ ತುಂಬಿಸಿ ದೂರದೂರಿಗೆ ಕಳಿಸುತ್ತಾನೆ. ಮಾತಿನ ಮಲ್ಲ. ಕೈ ಧಾರಾಳ, ಮನಸ್ಸು ಕೆಟ್ಟದ್ದಲ್ಲ, ಆದರೆ ನಾಲಿಗೆಗೆ ಮಾತ್ರ ಮೂಗುದಾರವಿಲ್ಲ.

ಊರಲ್ಲಿ ಆತನ ಹೆಸರು ಮೆರೆಯುತ್ತಿದ್ದುದು ಬಂದ್ ಇದ್ದ ದಿನ. ರಸ್ತೆಯ ನಡುವೆ ಟೈರು ಉರಿಯುತ್ತಿರಲಿ, ಹುಡುಗರು ಅಡ್ಡ ಮಲಗಿರಲಿ, ಮಶಾಕಸಾಬನ ಗಾಡಿ ಹೊರಟಿತೆಂದರೆ ಹೊರಟಿತು. ಮಂತ್ರ ಇಷ್ಟೇ. ಗಾಜು ಇಳಿಸಬೇಕು, ಟೋಪಿ ಸರಿಮಾಡಿಕೊಳ್ಳಬೇಕು, ಮುಖ ಕೆಳಗೆ ಹಾಕಿ ಅನ್ನಬೇಕು: "ಮಣ್ಣಿಗೆ ಹೊಂಟೇವ್ರಿ ಯಪ್ಪಾ, ಜರಾ ದಾರಿ ಬಿಡ್ರಿ."

ನಮ್ಮ ಕಡೆ ಎಂಥ ಸಿಟ್ಟಿನ ಹೋರಾಟಗಾರನೂ ಸತ್ತವರಿಗೆ ಮಣ್ಣು ಕೊಡಲು ಹೊರಟವರನ್ನು ತಡೆಯುವುದಿಲ್ಲ. ಜಾತಿ ಕೇಳುವುದಿಲ್ಲ, ಪಕ್ಷ ಕೇಳುವುದಿಲ್ಲ. ಉರಿಯುವ ಟೈರನ್ನೇ ಕೋಲಿನಿಂದ ಸರಿಸಿ, ಕೈಮುಗಿದು ದಾರಿ ಬಿಡುತ್ತಾರೆ. ಅಂಥ ಮರ್ಯಾದೆಯ ಮಾತನ್ನು ಈ ಮನುಷ್ಯ ಬಸ್ಸಿನ ಪಾಸು ಮಾಡಿಕೊಂಡಿದ್ದ.

ಹಾಗಂತ ಆತನಿಗೂ ಒಂದು ನೇಮವಿತ್ತು. ಬದುಕಿದವರ ಹೆಸರು ತೆಗೆಯುತ್ತಿರಲಿಲ್ಲ, ಸತ್ತವರನ್ನೇ ಮತ್ತೆ ಸಾಯಿಸುತ್ತಿದ್ದ. ಹೊನವಾಡದ ಸೋದರಮಾವ ಮಣ್ಣಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಬಂದ್ ಬಂದಾಗಲೊಮ್ಮೆ ಪಾಪ, ಸಾಯುತ್ತಲೇ ಇದ್ದ. ತಾಯಿ ಚಾಂದಬಿಗೆ ಅದು ಸೇರುತ್ತಿರಲಿಲ್ಲ, ಆಕೆಯ ಬೆನ್ನಿಗೆ ಬಿದ್ದ ತಮ್ಮ ಅವನು. "ಲೇ ಮಶಾಕ, ಸಾವಿನ ಜೋಡಿ ಚೇಷ್ಟಿ ಮಾಡಬ್ಯಾಡ," ಎಂದು ಗದರುತ್ತಿದ್ದಳು. ಆತ ನಗುತ್ತಿದ್ದ. "ಮಾಮಾಗ ಏನ ತ್ರಾಸ ಐತಿ ಅಮ್ಮಾ? ಮಲಗಿದಲ್ಲೇ ಮಲಗ್ಯಾನ."

ಇಂಥವನು ಹೋದ ಚಳಿಗಾಲದಲ್ಲಿ ಜರ್ಮನಿಗೆ ಹೋದ. ಅಲ್ಲೊಂದು ಒಣಹಣ್ಣಿನ ದೊಡ್ಡ ಸಂತೆ. ಜೊತೆಗೆ ಬಬಲೇಶ್ವರದ ದ್ರಾಕ್ಷಿ ಬೆಳೆಗಾರ ಭಾಗಪ್ಪ. ಇಬ್ಬರೂ ಹಳೆಯ ಗೆಳೆಯರು. ತಿಕೋಟಾಕ್ಕೆ ಮಾಲು ತಂದಾಗಲೆಲ್ಲ ಭಾಗಪ್ಪನ ಊಟ ಚಾಂದಬಿಯ ಕೈಯಿಂದಲೇ. ಸಂತೆ ಮುಗಿಯಿತು. ಒಬ್ಬ ವ್ಯಾಪಾರಿಯ ಗೋದಾಮು ನೋಡಲೆಂದು ಇಬ್ಬರೂ ಒಂದು ಸಣ್ಣ ಊರಿಗೆ ಹೋಗಿ ಉಳಿದರು. ಮರುದಿನ ಅಲ್ಲಿಂದ ರೈಲು ಹಿಡಿದು ವಿಮಾನ ನಿಲ್ದಾಣ ಮುಟ್ಟಬೇಕು, ಅದರ ಮಾರನೆಯ ಮುಂಜಾನೆ ವಿಮಾನ.

ಸ್ಟೇಷನ್ನಿಗೆ ಬಂದು ನೋಡಿದರೆ ಒಂದು ರೈಲೂ ಇಲ್ಲ. ಚಾಲಕರು ಮುಷ್ಕರ ಹೂಡಿದ್ದಾರೆ. ಬಾಗಿಲ ಹೊರಗೆ ಬಣ್ಣದ ಜಾಕೀಟು ತೊಟ್ಟ ಹತ್ತಾರು ಜನ ಬಾವುಟ ಹಿಡಿದು, ಕಾಫಿ ಕುಡಿಯುತ್ತ ಹಾಡು ಹೇಳುತ್ತಿದ್ದರು. ಅವರಲ್ಲೇ ಒಬ್ಬ ಬಂದು, ಸಂಜೆಗೆ ಬಸ್ಸಿನ ವ್ಯವಸ್ಥೆ ಇದೆ, ಇಲ್ಲೇ ಬೆಚ್ಚಗೆ ಕೂಡ್ರಿ ಎಂದು ಕೈಸನ್ನೆಯಲ್ಲಿ ತಿಳಿಸಿ ಹೋದ.

ಭಾಗಪ್ಪ ಅಲ್ಲೇ ಬೆಂಚಿನ ಮೇಲೆ ಕುಳಿತು ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದ. "ಸಂಜೀಕ ಬಸ್ ಐತಂತ. ವಿಮಾನ ನಾಳೆ ಮುಂಜಾನಿ. ಕುಂಡ್ರ ಮಾರಾಯಾ, ರೊಟ್ಟಿ ತಿನ್ನು."

"ಸಂಜಿತನಕ ಈ ಥಂಡ್ಯಾಗ ಕುಂಡ್ರೂದಾ? ಬಂದ್ ನನಗೇನ ಹೊಸಾದಲ್ಲ. ನೋಡ್ತಿರು," ಎಂದು ಮಶಾಕಸಾಬ ಎದ್ದ.

ಆತನ ಫೋನಿನಲ್ಲಿ ಒಂದು ತರ್ಜುಮೆಯ ಹಿಕಮತ್ತಿತ್ತು. ನಾವು ಕನ್ನಡದಲ್ಲಿ ಹೇಳಿದರೆ ಅದು ಅವರ ಭಾಷೆಯಲ್ಲಿ ಒದರುತ್ತಿತ್ತು, ಅವರು ಹೇಳಿದ್ದನ್ನು ನಮಗೆ ವಾರ್ತೆ ಓದಿದಂತೆ ಓದುತ್ತಿತ್ತು. ತಿಕೋಟಾದ ಮಾತು ಅದಕ್ಕೆ ತಿಳಿಯದು, ಸಾಲಿ ಪುಸ್ತಕದ ಕನ್ನಡವೇ ಬೇಕು. ಮಶಾಕಸಾಬ ಟೋಪಿ ಸರಿಮಾಡಿಕೊಂಡು, ಮುಖ ಕೆಳಗೆ ಹಾಕಿ, ಬಾವುಟ ಹಿಡಿದಿದ್ದ ಐವತ್ತರ ಆಸುಪಾಸಿನ ಒಬ್ಬ ಹೆಂಗಸಿನ ಎದುರು ನಿಂತ. ಹೈಕೆ ಆಕೆಯ ಹೆಸರು, ರೈಲು ಓಡಿಸುವವಳು. "ನನ್ನ ಸೋದರಮಾವ ತೀರಿಕೊಂಡಿದ್ದಾರೆ. ನಾನು ಮಣ್ಣು ಕೊಡಲು ಹೋಗಬೇಕು," ಎಂದು ಫೋನಿಗೆ ಹೇಳಿದ.

ಹೈಕೆ ಮರುಗಿದಳು. ಆದರೆ ಮಾವನ ಸಾವಿಗೆ ಅಲ್ಲಿ ಅಷ್ಟು ತೂಕವಿರಲಿಲ್ಲವೋ ಏನೋ. "ನಿಮ್ಮ ಮಾವನವರಿಗಾಗಿ ವಿಷಾದಿಸುತ್ತೇನೆ. ಸಂಜೆಯ ಬಸ್ಸಿನಲ್ಲಿ ನಿಮಗೆ ಮೊದಲ ಆಸನ ಕೊಡಿಸುತ್ತೇನೆ," ಎಂದಿತು ಫೋನು.

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ ಪುಣ್ಯಾತ್ಮ. ಮಂತ್ರ ಫಲಿಸಲಿಲ್ಲವೆಂಬ ಹಟಕ್ಕೆ ಬಾಯಿ ತಾನೇ ತೆರೆಯಿತು. "ಮಾವ ಮಾತ್ರ ಅಲ್ಲ. ನನ್ನ ತಾಯಿ. ಈಗ ಸುದ್ದಿ ಬಂತು. ನನ್ನ ತಾಯಿ ತೀರಿಕೊಂಡಿದ್ದಾರೆ."

ಫೋನು ಅದನ್ನು ಇಂಪಾದ ಹೆಣ್ಣುದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿತು. ಹಾಡು ನಿಂತಿತು. ಒಬ್ಬೊಬ್ಬರಾಗಿ ಟೊಪ್ಪಿಗೆ ತೆಗೆದರು. ಹೈಕೆ ತನ್ನ ಬಾವುಟವನ್ನು ಪಕ್ಕದವನ ಕೈಗಿತ್ತು, ಜೇಬಿನಿಂದ ಕಾರಿನ ಚಾವಿ ತೆಗೆದಳು. ತಾನೇ ಬಿಟ್ಟು ಬರುತ್ತೇನೆ ಎಂದಳು. ಇಷ್ಟು ದೊಡ್ಡದಾಗುತ್ತದೆಂದು ಮಶಾಕಸಾಬ ಎಣಿಸಿರಲಿಲ್ಲ, ಆದರೂ ಒಳಗೊಳಗೇ ಗೆದ್ದೆ ಅಂದುಕೊಂಡ.

"ಭಾಗಪ್ಪಾ, ಏಳ, ಗಾಡಿ ಆತು!"

ನಡೆದದ್ದನ್ನು ಭಾಗಪ್ಪ ಕುಳಿತಲ್ಲಿಂದಲೇ ಕೇಳಿಸಿಕೊಂಡಿದ್ದ. ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ಗಂಟಿನಲ್ಲಿಟ್ಟ. "ನಾ ಬರಾಂಗಿಲ್ಲ. ಚಾಂದಬಿ ಅವ್ವ ನನಗ ಉಣ್ಣಾಕ ಹಾಕ್ಯಾಳ. ಆಕಿ ಹೆಣಾ ತೋರ್ಸಿ ಸಿಕ್ಕ ಗಾಡಿ ನನಗ ಬ್ಯಾಡ. ನೀ ಹೋಗು."

ಆ ಮಾತು ಕಪಾಳಕ್ಕೆ ಹೊಡೆದಂತಾಯಿತು. ಆದರೆ ಹೈಕೆ ಅಷ್ಟರಲ್ಲಿ ಕಾರಿನ ಬಾಗಿಲು ತೆರೆದು ನಿಂತಿದ್ದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಶಾಕಸಾಬ ಹತ್ತಿ ಕುಳಿತ.

ಹೊರಗೆ ಮಂಜು, ಒಳಗೆ ಬಿಸಿಗಾಳಿ. ಹೈಕೆ ಫೋನನ್ನು ಮುಂದೆ ಇಡಿಸಿಕೊಂಡು ತಾಯಿಯ ಹೆಸರೇನು ಎಂದು ಕೇಳಿದಳು. ಚಾಂದಬಿ ಎಂದ. ಆಕೆ ತೊದಲುತ್ತ, ಸರಿಯಾಗಿ ಬರುವವರೆಗೂ ಮತ್ತೆ ಮತ್ತೆ ಅಂದಳು. ಬದುಕಿರುವ ತಾಯಿಯ ಹೆಸರು ಪರದೇಶದವಳ ಬಾಯಲ್ಲಿ ಸತ್ತವರ ಹೆಸರಾಗಿ ಹೊರಳುವುದನ್ನು ಕೇಳುತ್ತ ಮಶಾಕಸಾಬ ಕಿಟಕಿಯ ಕಡೆ ಮುಖ ತಿರುಗಿಸಿದ. ಆಮೇಲೆ ಆಕೆ ತನ್ನ ಕತೆ ಹೇಳಿದಳು. ಫೋನು ಅದನ್ನು ಒಂದೇ ಸಮನೆ ಓದಿತು: "ನನ್ನ ತಾಯಿ ಕಳೆದ ಶರತ್ಕಾಲದಲ್ಲಿ ತೀರಿಕೊಂಡರು. ನಾನು ಅಂದು ರೈಲು ಓಡಿಸುತ್ತಿದ್ದೆ. ನನ್ನ ಬದಲಿಗೆ ಬರಲು ಯಾರೂ ಇರಲಿಲ್ಲ. ನಾನು ತಲುಪಿದಾಗ ಎಲ್ಲ ಮುಗಿದಿತ್ತು. ಅದಕ್ಕಾಗಿಯೇ ನಾನು ಈ ಮುಷ್ಕರದಲ್ಲಿ ನಿಂತಿದ್ದೇನೆ. ನಿಮಗೆ ಹಾಗಾಗಬಾರದು."

ಅಯ್ಯೋ ದೇವರೇ, ಅನ್ನಿಸಿತು ಆತನಿಗೆ. ಹೇಳಿಬಿಡಲೇ? ಅಷ್ಟರಲ್ಲಿ ಫೋನು ರಿಂಗಾಯಿತು. ಪರದೆಯ ತುಂಬ ಚಾಂದಬಿಯ ಫೋಟೋ, ಮಣೂಕದ ರಾಶಿಯ ಮುಂದೆ ಕುಳಿತು ಬಾಯ್ತುಂಬ ನಗುತ್ತಿದ್ದಳು. ರೈಲು ಬಂದಾದ ಸುದ್ದಿ ಭಾಗಪ್ಪನ ಮನೆಯಿಂದ ಕಿವಿಗೆ ಬಿದ್ದು ಗಾಬರಿಯಾಗಿ ಹಚ್ಚಿದ್ದಳು. ಆತ ಕಟ್ ಮಾಡಿದ. ಮತ್ತೆ ಬಂತು. ಮತ್ತೆ ಕಟ್ ಮಾಡಿದ. ಮೂರನೆಯ ಸಲಕ್ಕೆ ಫೋನನ್ನೇ ಬಂದ್ ಮಾಡಿಬಿಟ್ಟ. ಅದರೊಡನೆ ಇಬ್ಬರ ನಡುವಿನ ಭಾಷೆಯೂ ಬಂದಾಯಿತು. ಇನ್ನು ನಿಜ ಹೇಳುತ್ತೇನೆಂದರೂ ಹೇಳುವ ದಾರಿಯಿಲ್ಲ.

ಆತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ನಾಚಿಕೆಗೆ ಅಳು ಬಂತು. ಹೈಕೆ ಫೋಟೋ ಕಂಡಿದ್ದಳು. ಸತ್ತ ತಾಯಿಯ ಮುಖ ನೋಡಿ ಮಗ ಕುಸಿದನೆಂದು ತಿಳಿದು, ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಆತನ ಬೆನ್ನು ಸವರುತ್ತ ತಾನೂ ಅತ್ತಳು. ಭೂಮಿ ಬಾಯಿ ಬಿಡಬಾರದೇ ಎಂದು ಮಶಾಕಸಾಬ ಮನಸಾರೆ ಬೇಡಿಕೊಂಡ.

ವಿಮಾನ ನಿಲ್ದಾಣದಲ್ಲಿ ಆಕೆ ಎಣ್ಣೆಯ ರೊಕ್ಕ ಮುಟ್ಟಲಿಲ್ಲ. ಆತ ಮರ್ಯಾದೆಗೆ ತನ್ನ ವ್ಯಾಪಾರದ ಚೀಟಿ ಕೊಟ್ಟಾಗ ಅದರಲ್ಲಿನ ನಂಬರು ಬರೆದುಕೊಂಡು, ತಾನು ತಿನ್ನಲೆಂದು ತಂದಿದ್ದ ಬ್ರೆಡ್ಡಿನ ಪೊಟ್ಟಣವನ್ನು ಕೈಗಿಟ್ಟು, ಆತ ಒಳಗೆ ಹೋಗುವವರೆಗೂ ಕೈಬೀಸುತ್ತ ನಿಂತಳು. ಆಕೆಯ ಲೆಕ್ಕಕ್ಕೆ ಈಗಲೇ ಆತನ ವಿಮಾನ. ಎಲ್ಲಿ ಮತ್ತೆ ಬಂದು ನೋಡಿಯಾಳೋ ಎಂದು ಮಶಾಕಸಾಬ ಕಂಬದ ಮರೆಯಲ್ಲಿ ಕುಳಿತ. ಕಾಯಲಾರೆ ಎಂದು ತಾಯಿಯನ್ನೇ ಸಾಯಿಸಿ ಬಂದವನು ಅಲ್ಲಿ ಕಾದದ್ದೇ ಕಾದದ್ದು.

ಕತ್ತಲಾಗುವ ಹೊತ್ತಿಗೆ ಭಾಗಪ್ಪ ಬಸ್ಸಿನಲ್ಲಿ ಒಂದು ನಿದ್ದೆ ತೆಗೆದು, ಆರಾಮಾಗಿ ಬಂದು ಪಕ್ಕದಲ್ಲಿ ಕುಳಿತ.

"ಮುಗೀತೇನು ಮಣ್ಣು?" ಎಂದ.

ಮಶಾಕಸಾಬ ಬ್ರೆಡ್ಡಿನ ಪೊಟ್ಟಣವನ್ನು ಆತನ ಮುಂದೆ ಸರಿಸಿದ.

ಮನೆಯಲ್ಲಿ ಚಾಂದಬಿ ಬಾಗಿಲಲ್ಲೇ ನಿಂತಿದ್ದಳು. ಮಗನ ಮುಖಕ್ಕೆ ಕೈನೀವಿ ಲಟಿಕೆ ಮುರಿದು, "ಫೋನ ಯಾಕ ಬಂದ ಮಾಡಿದ್ದೆಪ್ಪಾ? ನನ್ನ ಜೀವಾನ ಹೋಗಿತ್ತು ನೋಡು," ಎಂದಳು. ಉಣ್ಣಲು ಕುಳಿತವನು ಅರ್ಧಕ್ಕೇ ಎದ್ದ.

ಹೈಕೆಯ ಸಂದೇಶಗಳು ಬರತೊಡಗಿದವು. ಮುಟ್ಟಿದಿರಾ? ತಾಯಿಯ ಮುಖ ಸಿಕ್ಕಿತೇ? ಆತ ಹೂಂ ಎಂದು ಬರೆದ. ಹೂಂ ಎಂದಷ್ಟೂ ಹೂತುಕೊಳ್ಳುತ್ತ ಹೋದ. ಮನೆಯಲ್ಲಿ ತಾಯಿ ಎದುರು ಬಂದರೆ ಕಣ್ಣು ತಪ್ಪಿಸತೊಡಗಿದ. ಆಕೆ ಕೆಮ್ಮಿದರೆ ಎದೆ ಧಸಕ್ಕೆನ್ನುತ್ತಿತ್ತು, ಅಲ್ಲಾಹು ನನ್ನ ಮಾತನ್ನು ನಿಜ ಮಾಡಿಬಿಟ್ಟರೆ ಎಂದು. ವೈದ್ಯರ ಬಳಿ ಹೋಗೋಣವೆಂದು ದಿನಾ ಗಂಟುಬಿದ್ದ. ಆಕೆಗೋ ನಗು. "ನನಗೇನಾಗೈತಿ? ಕಲ್ಲ ಇದ್ದಂಗ ಅದೇನಿ."

ಒಂದು ಶುಕ್ರವಾರ ಹೈಕೆ ಬರೆದಳು: "ನಿಮ್ಮ ತಾಯಿಯ ಸಮಾಧಿಯ ಒಂದು ಚಿತ್ರ ಕಳಿಸುವಿರಾ? ನನ್ನ ತಾಯಿಯ ಚಿತ್ರದ ಪಕ್ಕ ಇಟ್ಟು ದೀಪ ಹಚ್ಚುತ್ತೇನೆ."

ಮಶಾಕಸಾಬ ಖಬರಸ್ತಾನಕ್ಕೆ ಹೋದ. ಹೌದು, ಹೋದ. ತಂದೆಯ ಖಬರಿನ ಎದುರು ನಿಂತು ಫೋನು ಎತ್ತಿದ. ಪಕ್ಕದಲ್ಲಿ ತಾಯಿಗೆಂದು ಬಿಟ್ಟ ಖಾಲಿ ಜಾಗವೂ ಆ ಚೌಕಟ್ಟಿನೊಳಗೆ ಬಂತು. ಆತ ಫೋನು ಕೆಳಗಿಳಿಸಿದ. ಎಂಥ ಹೀನ ಬಾಳು ನಂದು ಎಂದು ಗಟ್ಟಿಯಾಗಿಯೇ ಅಂದುಕೊಂಡ. ಚಿತ್ರ ತೆಗೆಯದೆ ಮನೆಗೆ ಬಂದ.

ಚಾಂದಬಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗ ಬಂದು ಕಾಲ ಬಳಿ ಕುಳಿತ. ನಲವತ್ತೆಂಟರ ಗಂಡಸು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಮೊರದ ಮೇಲಿದ್ದ ಆಕೆಯ ಕೈ ನಿಂತಿತು.

"ಬೈ ಅಮ್ಮಾ. ಹೊಡಿ ಬೇಕಾದ್ರ."

"ನನ್ನ ಸಾಯಿಸಿದ್ದಕ್ಕ ಏನ ಬೈಲಿ? ಇವತ್ತಲ್ಲ ನಾಳೆ ಹೋಗಾಕಿನ ನಾನು," ಎಂದಳು ಚಾಂದಬಿ. "ಆ ಹೆಣ್ಮಗಳು ಅತ್ತಾಳಲ್ಲೋ. ಆಕಿ ಕಣ್ಣೀರ ಹ್ಯಾಂಗ ತಿರಿಗಿ ಕೊಡ್ತಿ? ಫೋನ ಹಚ್ಚು. ನನ್ನ ಮಾರಿ ತೋರ್ಸು ಆಕಿಗೆ."

ಆತ ಹಚ್ಚಿದ. ಪರದೆಯಲ್ಲಿ ಹೈಕೆಯ ಮುಖ ಮೂಡಿತು. ಚಾಂದಬಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಸಲಾಮು ಮಾಡಿದಳು. ಹೈಕೆ ಬಹಳ ಹೊತ್ತು ನೋಡಿದಳು. ಕಾರಿನಲ್ಲಿ ಕಂಡಿದ್ದ ಆ ನಗುಮುಖವೇ. ಆಕೆ ಏನೋ ಕೇಳಿದಳು. "ಇವರು ನಿಮ್ಮ ತಾಯಿಯೇ?" ಎಂದಿತು ಫೋನು.

"ಹೌದು. ನಾನು ಸುಳ್ಳು ಹೇಳಿದೆ," ಎಂದ ಮಶಾಕಸಾಬ.

ಆಕೆ ಬೈಯಲಿಲ್ಲ. ಮುಖ ಒಂದೇ ಸಲ ಬಾಡಿತು. ಚಾಂದಬಿಯ ಕಡೆಗೆ ಮಾತ್ರ ಸಣ್ಣಗೆ ತಲೆಬಾಗಿ ಫೋನಿಟ್ಟಳು. ಮಶಾಕಸಾಬ ಮತ್ತೆ ಹಚ್ಚಿದ, ಎತ್ತಲಿಲ್ಲ.

ಚಾಂದಬಿ ಎದ್ದು ಕೈಕಾಲು ಮುಖ ತೊಳೆದು ವಜೂ ಮಾಡಿಬಂದಳು. ಚಾಪೆ ಹಾಸಿ ಕುಳಿತು ಅಂಗೈ ಎತ್ತಿದಳು.

"ಏನ ಮಾಡಾಕತ್ತಿ ಅಮ್ಮಾ?"

"ಆಕಿ ನನ್ನ ಸಲುವಾಗಿ ಅತ್ತಾಳ. ಆಕಿ ತಾಯಿ ಸಲುವಾಗಿ ನಾ ಒಂದ ದುವಾ ಬೇಡಬ್ಯಾಡೇನು? ಆ ತಾಯಿ ಹೆಸರ ಏನು?"

ಮಶಾಕಸಾಬ ಬಾಯಿ ತೆರೆದ. ಹೈಕೆ ಚಾಂದಬಿಯ ಹೆಸರನ್ನು ನಾಲಿಗೆ ತಿರುಗುವವರೆಗೆ ಕಲಿತಿದ್ದಳು. ಆಕೆಯ ತಾಯಿಯ ಹೆಸರನ್ನು ಆತ ಕೇಳಿರಲೇ ಇಲ್ಲ.

"ಗೊತ್ತಿಲ್ಲ ಅಮ್ಮಾ."

ಎತ್ತಿದ ಕೈ ಎತ್ತಿದಂತೆಯೇ ಇಟ್ಟುಕೊಂಡು ಚಾಂದಬಿ ಮಗನನ್ನು ನೋಡಿದಳು.

"ನೀ ಹೊರಗ ಹೋಗು," ಎಂದಳು ತಾಯಿ.