ಮುಂದಿನ ಬ್ರೇಕು

ಚಾಚಾನ ಬಲಗಾಲು ಯಾವಾಗಲೂ ಬಾಗಿಲಿಗೆ ಅಡ್ಡವಾಗಿರುತ್ತಿತ್ತು. ಬೋರಲು ಹಾಕಿದ ಪೇಂಟ್ ಡಬ್ಬಿಯ ಮೇಲೆ ಕೂತು, ಆ ಕಾಲನ್ನು ಹೊಸ್ತಿಲ ಉದ್ದಕ್ಕೂ ನೆಟ್ಟಗೆ ಚಾಚಿ, ಎದುರಿನ ಗಾಡಿಯ ಹೊಟ್ಟೆಯೊಳಗೆ ಕೈ ಹಾಕಿರುತ್ತಿದ್ದರು. ಯಾರು ಬಂದರೂ ಕಾಲು ಎಳೆದುಕೊಳ್ಳುತ್ತಿರಲಿಲ್ಲ. ಹಿರಿಯರ ಕಾಲು ದಾಟಬಾರದು ಎಂದು ಕಲಿತು ಬೆಳೆದ ನಾವು ಹೊರಗೇ ನಿಂತು ಕೆಮ್ಮುತ್ತಿದ್ದೆವು. ಸಾಕಷ್ಟು ಕೆಮ್ಮಲು ಬಿಟ್ಟು, ತಲೆ ಎತ್ತದೆಯೇ, "ದಾಟಿ ಬರ್ರಿ, ಪಾಪ ಏನ್ ಹತ್ತೂದಿಲ್ಲ" ಎನ್ನುತ್ತಿದ್ದರು. ಎಂಥ ಸೊಕ್ಕಿನ ಮುದುಕ ಎಂದುಕೊಂಡಿದ್ದೆ. ಸೊಕ್ಕು ಇದ್ದದ್ದು ನಿಜ, ಕಾಲಿನ ವಿಷಯದಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತ್ತು.

ಶಿಕಾಗೊದ ಡೆವನ್ ಅವೆನ್ಯೂ ಹಿಂದಿನ ಓಣಿಯಲ್ಲಿ, ಒಂದು ದಿನಸಿ ಅಂಗಡಿಯ ಬೆನ್ನಿಗೆ ಅಂಟಿಕೊಂಡ ಗ್ಯಾರೇಜು ಅವರದು. ಮುಂದಿನ ಬೀದಿಯಲ್ಲಿ ಸೀರೆ, ಮಿಠಾಯಿ, ಪಾರ್ಕಿಂಗಿಗೆ ಜಗಳ. ಹಿಂದುಗಡೆ ಕಸದ ಡಬ್ಬಿಗಳು ಮತ್ತು ಚಾಚಾ. ಗದಗಿನ ಕಡೆಯವರು. ಬೇಸಿಗೆಯಲ್ಲಿ ಮೋಟಾರ್ ಸೈಕಲ್, ಚಳಿಗಾಲದಲ್ಲಿ ಹಿಮ ತಳ್ಳುವ ಯಂತ್ರ ರಿಪೇರಿ ಮಾಡುತ್ತಿದ್ದರು. ಊರಿನ ಹೊರವಲಯದ ಒಳ್ಳೊಳ್ಳೆ ಬಡಾವಣೆಗಳಲ್ಲಿರುವ ನಮ್ಮ ಜನ, ಕನ್ನಡದಲ್ಲಿ ಬೈಸಿಕೊಳ್ಳುವುದಕ್ಕೆಂದೇ ಇಪ್ಪತ್ತೈದು ಮೈಲಿ ಬಂದು ಹೋಗುತ್ತಿದ್ದರು.

ಬೈಗುಳ ಎಂದರೆ ಕೆಟ್ಟ ಮಾತಲ್ಲ. ಅವರ ತಿರಸ್ಕಾರಕ್ಕೆ ಅಷ್ಟು ಖರ್ಚು ಬೇಕಿರಲಿಲ್ಲ. ನಮ್ಮ ಕನ್ನಡದವರದೇ ಒಂದು ರೈಡರ್ಸ್ ಬಳಗವಿದೆ. ಬೇಸಿಗೆಯ ನಾಲ್ಕು ಭಾನುವಾರ ಚರ್ಮದ ಜಾಕೆಟ್ ತೊಟ್ಟು, ಹೆಲ್ಮೆಟ್ಟಿಗೆ ಕ್ಯಾಮೆರಾ ಸಿಕ್ಕಿಸಿ, ಹನ್ನೆರಡು ಮೈಲಿ ದೂರದ ಹೋಟೆಲಿಗೆ ಹೋಗಿ ಪ್ಯಾನ್‌ಕೇಕ್ ತಿಂದು, ಗಾಡಿಗೆ ಒರಗಿ ಫೋಟೋ ತೆಗೆಸಿಕೊಂಡು ಮನೆಗೆ ಬರುವವರು. ಚಾಚಾ ಅವರನ್ನು "ಫೋಟೋ ಮಂದಿ" ಎನ್ನುತ್ತಿದ್ದರು. ಆ ಬಳಗದ ಮುಖಂಡರು ಒಮ್ಮೆ ನನ್ನೆದುರಿಗೇ ಬಂದು, ತಮ್ಮ ಗಾಡಿ ಅರವತ್ತು ದಾಟಿದರೆ ನಡುಗುತ್ತದೆ ಎಂದರು. ಚಾಚಾ ಗಾಡಿಯನ್ನೂ ಮುಖಂಡರನ್ನೂ ಒಂದು ಸುತ್ತು ನೋಡಿದರು.

"ಗಾಡಿಗೆ ಏನೂ ಆಗಿಲ್ರಿ. ಮ್ಯಾಲ ಕೂಡಾವ್ರಿಗೆ ರಿಪೇರಿ ಬೇಕು."

ನಾನು ನಕ್ಕೆ. ನನಗೂ ಆ ಬಳಗದ ಬಗ್ಗೆ ಅದೇ ಅಭಿಪ್ರಾಯವಿತ್ತು. ನಾನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನಾ ಲೊಂಬಾರ್ಡಿನ ಮನೆಯಿಂದ ಓಕ್ ಬ್ರೂಕಿನ ಆಫೀಸಿಗೆ ಬೈಕಿನಲ್ಲೇ ಹೋಗುವವಳು, ಬೆನ್ನಿಗೆ ಲ್ಯಾಪ್‌ಟಾಪು, ಜೊತೆಗೆ ಮೊಸರನ್ನದ ಡಬ್ಬಿ. ಕ್ಯಾಮೆರಾ ಇಲ್ಲ, ಬಳಗ ಇಲ್ಲ. ಮೊದಲ ಸಲ ಚಾಚಾ ನನ್ನ ಗಾಡಿಯ ಚೈನು ಮುಟ್ಟಿ ನೋಡಿ, "ದಿನಾ ಓಡಸ್ತಿ?" ಎಂದು ಕೇಳಿ ಅರ್ಧ ಲೋಟ ಚಹಾ ಕೊಟ್ಟಿದ್ದರು. ಆ ಅರ್ಧ ಲೋಟದ ಜಂಬದಲ್ಲೇ ನಾನು ನಾಲ್ಕು ವರ್ಷ ಬದುಕಿದೆ.

ಬಿದ್ದದ್ದು ಮೂರು ವರ್ಷದ ಹಿಂದಿನ ಮೇ ತಿಂಗಳಲ್ಲಿ. ಓಕ್ ಬ್ರೂಕಿನ ಆಫೀಸುಗಳ ಸುತ್ತ ಕೃತಕ ಕೆರೆಗಳಿವೆ, ಕೆರೆಗಳ ತುಂಬ ಹೆಬ್ಬಾತುಗಳು. ಆ ತಿಂಗಳು ಅವು ಮರಿ ಕಟ್ಟಿಕೊಂಡು, ಯಾರಪ್ಪನ ರಸ್ತೆ ಎಂಬಂತೆ ಅಡ್ಡ ದಾಟುತ್ತವೆ. ನನ್ನ ಮುಂದಿದ್ದ ಕಾರು ಅವುಗಳಿಗಾಗಿ ನಿಂತಿತು. ಗಕ್ಕನೆ ನಿಲ್ಲಲಿಲ್ಲ, ಸಾವಕಾಶವಾಗಿಯೇ ನಿಂತಿತು. ನಾನು ಹಾರನ್ ಒತ್ತಿ, ಬಲಗಾಲಿನಿಂದ ಹಿಂದಿನ ಬ್ರೇಕನ್ನು ತುಳಿದೆ. ಮೈಸೂರಿನಲ್ಲಿ ನಮ್ಮಪ್ಪ ಸ್ಕೂಟರ್ ಕಲಿಸುವಾಗ ಮೊದಲು ಹೇಳಿದ ಮಾತೇ ಅದು: ಮುಂದಿನ ಬ್ರೇಕ್ ಮುಟ್ಟಬೇಡ, ಮೂತಿ ಒಡೆಯುತ್ತೆ. ಮುಟ್ಟಲಿಲ್ಲ. ಹಿಂದಿನ ಚಕ್ರ ಬಿಗಿದು, ಜಾರಿ, ಗಾಡಿಯ ಜೊತೆಗೆ ನಾನೂ ಮಲಗಿ ಹೋದೆ. ಕೊರಳೆಲುಬು ಮುರಿಯಿತು. ಹೆಬ್ಬಾತುಗಳು ನಡಿಗೆಯನ್ನೂ ಬದಲಿಸಲಿಲ್ಲ.

ಆಸ್ಪತ್ರೆಗೆ ಓಡಿ ಬಂದ ಗಂಡ "ಏನಾಯ್ತೇ?" ಎಂದಾಗ ನನ್ನ ಬಾಯಿಂದ ಬಂದದ್ದು, "ಟ್ರಕ್ ಅಡ್ಡ ಬಂತು."

ಯಾಕೆ ಹಾಗಂದೆ ಎಂದರೆ, ನಮ್ಮ ಜನರ ಮುಂದೆ ಹೆಬ್ಬಾತಿಗೆ ಬಿದ್ದೆ ಎಂದು ಹೇಳಿಕೊಳ್ಳುವಷ್ಟು ಗಟ್ಟಿ ನಾನಲ್ಲ. ನಾಲ್ಕು ವರ್ಷ, ಬೈಕ್ ಬೇಡ ಎಂಬ ಅವರ ಉಪದೇಶವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು, ಟ್ರಕ್ಕಿಗಿಂತ ಕಡಿಮೆ ಯಾವುದಕ್ಕೂ ಬೀಳುವ ಹಾಗಿರಲಿಲ್ಲ. ವಾರದೊಳಗೆ ಆ ಟ್ರಕ್ಕು ಬಾಯಿಂದ ಬಾಯಿಗೆ ಬೆಳೆದು ಹದಿನೆಂಟು ಚಕ್ರದ್ದಾಗಿತ್ತು.

ಆಮೇಲೆ ಬಿಸಿಬೇಳೆ ಭಾತಿನ ಪಾತ್ರೆಗಳ ಜೊತೆ ಬುದ್ಧಿವಾದಗಳು ಬಂದವು. ಒಬ್ಬ ಆಂಟಿ, "ಹೆಣ್ಮಕ್ಕಳಿಗೆ ಇದೆಲ್ಲಾ ಬೇಕಿತ್ತಾ ಅಂತ ನಾನ್ ಕೇಳ್ತಿಲ್ಲಪ್ಪಾ" ಎಂದು ಕೇಳಿಯೇ ಬಿಟ್ಟರು. ಒಬ್ಬ ಅಂಕಲ್ ನನ್ನನ್ನು ಬಿಟ್ಟು ನನ್ನ ಗಂಡನಿಗೆ, "ನೀವಾದ್ರೂ ಹೇಗ್ರೀ ಬಿಟ್ರಿ?" ಎಂದರು. ಮನೆಯ ಗ್ಯಾರೇಜಿನಿಂದ ಆಫೀಸಿನ ಗ್ಯಾರೇಜಿಗೆ ಎಸಿ ಹಾಕಿಕೊಂಡು ಹೋಗುವುದನ್ನೇ ಪ್ರಯಾಣ ಎಂದುಕೊಂಡ ಮನುಷ್ಯ. ಅವರು ತಂದದ್ದನ್ನು ತಿಂದು, ಅವರು ಹೋದ ಮೇಲೆ ಅವರನ್ನು ಆಡಿಕೊಂಡೆ.

ಆದರೆ ಒಂದು ಮಾತು ಹೇಳಲೇಬೇಕು. ನನಗೆ ಭಯವಾಗಿತ್ತು. ಗ್ಯಾರೇಜಿನ ಬಾಗಿಲು ಮೇಲೇಳುವ ಸದ್ದು ಕೇಳಿದರೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸುತ್ತಿದ್ದೆ. ಹನ್ನೆರಡು ವರ್ಷದ ಮಗಳು ಒಂದು ದಿನ, "ಮಾಮ್, ಆರ್ ಯು ಸ್ಕೇರ್ಡ್?" ಎಂದಾಗ ಫೋನು ನೋಡುವ ನಾಟಕ ಮಾಡಿದೆ. ಯಾರನ್ನು ಅಷ್ಟು ಕೀಳಾಗಿ ಕಂಡಿದ್ದೆನೋ ಅವರು ಹೇಳಿದ್ದನ್ನೇ ಮಾಡಲು ಹೊರಟಿದ್ದೆ. "ಮಾರ್ಬಿಡೋಣ ಕಣೇ, ಇನ್ನೊಂದ್ಸಲ ಟ್ರಕ್ ಬಂದ್ರೆ ಏನ್ ಮಾಡ್ತೀಯ?" ಎಂದು ಗಂಡ ಕೇಳಿದ. ಒಪ್ಪಿದೆ. ಕೊಳ್ಳಲು ಮುಂದೆ ಬಂದವರು ಅದೇ ಫೋಟೋ ಮಂದಿಯ ಮುಖಂಡರು. ರಿಪೇರಿ ಮಾಡಿಸಿ ಕೊಡುವುದೆಂದು ಗಾಡಿ ಚಾಚಾನ ಗ್ಯಾರೇಜಿಗೆ ಹೋಯಿತು.

ರಿಪೇರಿ ಮುಗಿಯಲಿಲ್ಲ. ಗಂಡ ವಾರಕ್ಕೊಮ್ಮೆ ಫೋನ್ ಮಾಡಿದರೆ ಚಾಚಾ, "ಪಾರ್ಟ್ ಬಂದಿಲ್ಲ" ಎಂದು ಕಟ್ ಮಾಡುತ್ತಿದ್ದರು. ಜುಲೈ ಕೊನೆಗೆ ಒಂದು ಮಾತು ಹೆಚ್ಚು ಆಡಿದರು: "ಗಾಡಿ ಯಾರದೋ ಅವ್ರು ಬರ್ಲಿ."

ಹೋದೆ. ಗಂಡ ನನ್ನನ್ನು ಓಣಿಯಲ್ಲಿ ಇಳಿಸಿ ದಿನಸಿ ತರಲು ಹೋದ. ಕಾಲು ಅಡ್ಡವಿತ್ತು, ಕೆಮ್ಮಿದೆ, ದಾಟಿದೆ. ನನ್ನ ಗಾಡಿ ಒರೆಸಿಕೊಂಡು ಸಿದ್ಧವಾಗಿ ನಿಂತಿತ್ತು. ಯಾವ ಪಾರ್ಟಿಗೂ ಅದು ಕಾಯುತ್ತಿರಲಿಲ್ಲ. ಚಾಚಾ ನನಗೆ ತೋರಿಸಲೆಂದೇ ಬಿಚ್ಚಿಟ್ಟಿದ್ದ ಎರಡು ಜೊತೆ ಬ್ರೇಕ್ ಪ್ಯಾಡನ್ನು ಅಂಗೈಯಲ್ಲಿ ಹಿಡಿದು ಮುಂದೆ ಚಾಚಿದರು.

"ಇವು ಹಿಂದಿನವು. ಸವದು ಕಬ್ಬಿಣ ಕಾಣಾಕ್ಹತ್ತೈತಿ. ಇವು ಮುಂದಿನವು. ನಾಕು ವರ್ಷ ಓಡಿಸೀದಿ, ಅಂಗಡಿಯಿಂದ ತಂದಂಗ ಅದಾವು. ಹಿಂದಿನ ಟಾಯರು ಒಂದ ಕಡೆ ಸಪಾಟ ಆಗೈತಿ." ಆಮೇಲೆ ಕೇಳಿದರು, "ಯಾವ ಟ್ರಕ್ಕು?"

ಸುಳ್ಳನ್ನು ನನ್ನ ಬಾಯಿಂದ ಕೇಳುವ ಮೊದಲೇ ಗಾಡಿಯ ಬಾಯಿಂದ ಸತ್ಯ ಕೇಳಿಸಿಕೊಂಡು ಕೂತಿದ್ದರು. "ಹೆಬ್ಬಾತು" ಎಂದೆ.

ನಗುತ್ತಾರೆ ಎಂದು ಕಾದೆ. ನಗಲಿಲ್ಲ. "ಎಷ್ಟಿದ್ವು?"

"ಏಳು. ಎರಡು ದೊಡ್ಡವು, ಐದು ಮರಿ."

"ಮುಂದಿನ ಬ್ರೇಕ್ ಯಾಕ ಹಿಡೀಲಿಲ್ಲ?"

"ಹಿಡೀಬೇಡ ಅಂತ ನಮ್ಮಪ್ಪ ಹೇಳಿದ್ರು."

"ನಮ್ಮಪ್ಪನೂ ಹೇಳಿದ್ದ. ಇಡೀ ದೇಶದ ಅಪ್ಪಂದಿರು ಹೇಳ್ಯಾರ. ಆ ಡಬ್ಬಾ ಸ್ಕೂಟರಿಗೆ ಹೇಳಿದ ಮಾತು ಗಂಟು ಕಟಗೊಂಡು ಸಮುದ್ರ ದಾಟಿ ಬಂದೀರಿ. ಇಷ್ಟು ದೊಡ್ಡ ಗಾಡಿ ನಿಲ್ಲಸೂದು ಮುಂದಿನ ಬ್ರೇಕು. ಕಂಪ್ಯೂಟರ್ ಕಲ್ತೀರಿ, ಇದೊಂದು ಕಲೀಲಿಲ್ಲ." ಪ್ಯಾಡುಗಳನ್ನು ಬೆಂಚಿನ ಮೇಲೆ ಇಟ್ಟರು. "ಕೇಳಿಲ್ಲಿ. ಟ್ರಕ್ ಬೀಳಸಿದ್ರ ಗಾಡಿ ಮಾರಿಬಿಡು. ಟ್ರಕ್ ನಾಳೆನೂ ಬರ್ತೈತಿ, ಅದಕ್ಕ ನೀ ಏನೂ ಮಾಡಾಕ ಆಗೂದಿಲ್ಲ. ನೀನ ಬಿದ್ದಿದ್ರ ಹತ್ತು. ನಿನ್ನ ತಪ್ಪು ನಿನ್ನ ಕೈಯಾಗ ಐತಿ."

ನನಗೆ ರೇಗಿತು. ಅವರ ಮಾತು ಸರಿಯಾಗಿದ್ದರಿಂದ ಇನ್ನೂ ರೇಗಿತು. ಎರಡು ತಿಂಗಳಿಂದ ನನ್ನನ್ನು ತಿನ್ನುತ್ತಿದ್ದದ್ದು ಕೊರಳೆಲುಬಲ್ಲ, ಆ ಇಲ್ಲದ ಟ್ರಕ್ಕು ಎಂದು ಆಗಲೇ ಹೊಳೆಯಿತು. ಹೊಳೆದದ್ದನ್ನು ಒಪ್ಪಿಕೊಳ್ಳುವ ಬದಲು ಕೈಗೆ ಸಿಕ್ಕಿದ ಕಲ್ಲು ಎಸೆದೆ.

"ನೀವು ಗಾಡಿ ಓಡಿಸಿದ್ದನ್ನ ನಾನು ಒಂದು ದಿನಾನೂ ನೋಡಿಲ್ಲ ಚಾಚಾ. ಸ್ಟ್ಯಾಂಡ್ ಮೇಲೇ ಇಂಜಿನ್ ಕೂಗಿಸಿ ಕೊಡ್ತೀರಿ. ಕೂತ್ಕೊಂಡು ಹೇಳೋದು ಯಾರಿಗೂ ಸುಲಭ."

ಚಾಚಾ ಕೈಲಿದ್ದ ಸ್ಪ್ಯಾನರಿನಿಂದ ತಮ್ಮ ಬಲಮೊಣಕಾಲಿಗೆ ಮೆಲ್ಲಗೆ ಎರಡು ಸಲ ಬಡಿದರು. "ಹದಿನಾಲ್ಕು ವರ್ಷಾತು, ಇದು ಮಡಚೂದಿಲ್ಲ."

ಅದೇ ಕಾಲು. ನಾಲ್ಕು ವರ್ಷ ಅದನ್ನು ದಾಟಿದ್ದೆ, ಸೊಕ್ಕು ಎಂದುಕೊಂಡು ದಾಟಿದ್ದೆ. ಅಷ್ಟು ನಾಚಿಕೆ ನನಗೆ ಆಮೇಲೆಂದೂ ಆಗಿಲ್ಲ.

"ನಂದು ಖರೇನ ಟ್ರಕ್ಕಿತ್ತು, ತಂಗಿ" ಎಂದರು.

ಗಂಡ ಅಕ್ಕಿಯ ಚೀಲ ಹೊತ್ತು ಬಂದಾಗ ನಾನು ಗಾಡಿಯ ಹತ್ತಿರ ನಿಂತಿದ್ದೆ. "ಮಾರಲ್ಲ" ಎಂದೆ. ಅವನು ಚಾಚಾನ ಮುಖ ನೋಡಿದ. ಚಾಚಾ ಮುಂದಿನ ಪ್ಯಾಡುಗಳನ್ನು ಅವುಗಳ ಜಾಗಕ್ಕೆ ತಿರುಗಿ ಹಾಕುತ್ತಿದ್ದರು. "ಹೊಸಾವು ಬ್ಯಾಡ. ಇವನ್ನ ಸವಸಿ ತಂದು ತೋರಸು" ಎಂದರು, ನನಗೆ.

ಆಗಸ್ಟಿನ ನಾಲ್ಕು ಶನಿವಾರ ಆ ಓಣಿಯಲ್ಲಿ ಕಳೆದೆ. ಕಸದ ಡಬ್ಬಿಗಳ ನಡುವೆ ಮೊದಲು ನಡಿಗೆಯ ವೇಗ, ಆಮೇಲೆ ಹತ್ತು ಮೈಲಿ, ಹದಿನೈದು. ಎರಡು ಬೆರಳು ಮುಂದಿನ ಬ್ರೇಕಿನ ಮೇಲೆ. "ಜಗ್ಗಬ್ಯಾಡ, ಹಿಂಡು. ಲಿಂಬಿಹಣ್ಣು ಹಿಂಡಿದಂಗ. ಮದಲ ಮೆಲ್ಲಕ, ಆಮ್ಯಾಲೆ ಗಟ್ಟಿ." ಡಬ್ಬಿಯ ಮೇಲೆ ಕೂತವರು ಇದ್ದಕ್ಕಿದ್ದಂತೆ ಖಾಲಿ ಆಯಿಲ್ ಕ್ಯಾನನ್ನು ಓಣಿಗೆ ಉರುಳಿಸಿ, "ಹೆಬ್ಬಾತು ಬಂತು" ಎನ್ನುತ್ತಿದ್ದರು. ನಿಲ್ಲಿಸಿದರೆ ಮೌನ. ನಿಲ್ಲಿಸದಿದ್ದರೆ, "ಮಾರಿಬಿಡು, ಫೋಟೋ ತಗಸ್ಕೋತಾರ ಅವ್ರು." ಅವರ ತಿರಸ್ಕಾರದಲ್ಲಿ ಒಂದು ಅನುಕೂಲವಿತ್ತು: ಕನಿಕರ ಬೆರೆತಿರಲಿಲ್ಲ. ಮನೆಗೆ ಬಂದ ಕನಿಕರ ನನ್ನನ್ನು ಹಾಸಿಗೆಯಲ್ಲಿ ಮಲಗಿಸಿತ್ತು, ಇದು ಎಬ್ಬಿಸಿ ಓಡಿಸಿತು.

ಕೊನೆಯ ಶನಿವಾರ ಪಾಠ ಮುಗಿದ ಮೇಲೆ, ಗೋಡೆಗೆ ನೇತುಹಾಕಿದ್ದ ಹಳೆಯ ಹೆಲ್ಮೆಟ್ಟಿನ ಧೂಳು ಒರೆಸಿ ತಲೆಗೆ ಹಾಕಿಕೊಂಡರು. ಎಲ್ಲರೂ ಹತ್ತುವ ಕಡೆಯಿಂದಲ್ಲ, ಬಲಗಡೆಯಿಂದ ಬಂದು, ಮಡಚದ ಕಾಲನ್ನು ನೆಲಕ್ಕೆ ಊರಿ, ಎಡಗಾಲನ್ನು ದಾಟಿಸಿ ನನ್ನ ಹಿಂದೆ ಕೂತರು. ಬಲಗಾಲು ಪಕ್ಕಕ್ಕೆ ಚಾಚಿಯೇ ಇತ್ತು. "ಓಣಿ ತುದೀತನಕ" ಎಂದರು.

ಹೊರಟೆ. ನನ್ನ ಜಾಕೆಟ್ಟನ್ನು ಎರಡೂ ಕಡೆ ಹಿಡಿದಿದ್ದ ಅವರ ಕೈಗಳು ನಡುಗುತ್ತಿದ್ದವು. ಇಂಜಿನ್ನಿನ ನಡುಕ ಯಾವುದು, ಮನುಷ್ಯನ ನಡುಕ ಯಾವುದು ಎಂದು ದಿನಾ ಓಡಿಸುವವರಿಗೆ ತಿಳಿಯುತ್ತದೆ. ಓಣಿಯ ಉದ್ದಕ್ಕೂ ಬೈದರು: ಗೇರ್ ತಡ, ಭುಜ ಬಿಗಿ, ನೋಟ ಹತ್ತಿರ. ತುದಿಯಲ್ಲಿ ಸ್ಟಾಪ್ ಬೋರ್ಡು ಬಂತು. ಎರಡು ಬೆರಳಲ್ಲಿ ಹಿಂಡಿದೆ. ಗಾಡಿ ಅಲುಗದೆ ನಿಂತಿತು. ಎದುರಿನ ರಸ್ತೆಯಲ್ಲಿ ಒಂದು ಬಸ್ಸು ಹೋಯಿತು, ಅದರ ಹಿಂದೆ ದೊಡ್ಡದೊಂದು ಟ್ರಕ್ಕು. ಟ್ರಕ್ಕು ಪೂರ್ತಿ ದಾಟುವವರೆಗೆ ನನ್ನ ಜಾಕೆಟ್ಟು ಅವರ ಮುಷ್ಟಿಯಲ್ಲಿತ್ತು. ನಾನು ಹಿಂದಿರುಗಿ ನೋಡಲಿಲ್ಲ.

"ಹೂಂ, ತಿರಗಸು" ಎಂದರು ಕೊನೆಗೆ. "ಬ್ರೇಕ್ ತಡಾ ಹಿಡದಿ."

ಅದಾದ ಮೇಲೆ ಮತ್ತೆಂದೂ ಹತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಹೃದಯದ ಕಾಯಿಲೆಯಿಂದ ಮೂರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅವರ ಮಗಳ ಮನೆಗೆ ಮಾತನಾಡಿಸಿ ಬರಲು ಗಂಡ ಹೆಂಡತಿ ಹೋದೆವು. ಫೋಟೋ ಮಂದಿಯೂ ಬಂದಿದ್ದರು. ಮುಖಂಡರು ಸೋಫಾದಲ್ಲಿ ಕೂತು, "ತುಂಬಾ ಸೌಮ್ಯ ಸ್ವಭಾವದವರು, ಒಂದು ದಿನ ಒರಟು ಮಾತಾಡಿದವರಲ್ಲ" ಎಂದರು. ಸತ್ತವರಿಗೆ ಇದಕ್ಕಿಂತ ದೊಡ್ಡ ಅವಮಾನ ಮಾಡಲು ಸಾಧ್ಯವಿಲ್ಲ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಟ್ರಕ್ ಹೊಡೆದು ನಜ್ಜುಗುಜ್ಜಾಗಿದ್ದ ಗಾಡೀನ ಹೇಗೆ ರೆಡಿ ಮಾಡಿಕೊಟ್ರು ನೋಡಿ" ಎಂದರು.

"ಟ್ರಕ್ ಇರ್ಲಿಲ್ಲ" ಎಂದೆ. ಎಲ್ಲರೂ ತಿರುಗಿದರು. "ಹೆಬ್ಬಾತುಗಳಿದ್ವು. ಏಳು. ಅವೂ ಏನೂ ಮಾಡ್ಲಿಲ್ಲ. ನಾನೇ ಬಿದ್ದೆ."

ಯಾರೋ ಕಿಸಕ್ಕನೆ ನಕ್ಕರು. ನಗಲಿ. ಚಾಚಾನ ಮಗಳು ಮಾತ್ರ ನನ್ನ ಪಕ್ಕಕ್ಕೆ ಬಂದು ಕೂತಳು. ಕಾರಿನಲ್ಲಿ ಬರುವಾಗ ಗಂಡ, "ನನಗಾದ್ರೂ ಹೇಳ್ಬಹುದಿತ್ತು" ಎಂದ. ಹೇಳಬಹುದಿತ್ತು, ಹೌದು.

ಈ ಬೇಸಿಗೆಯಲ್ಲಿ ಬ್ರೇಕು ಹಿಂಡಿದಾಗ ಮುಂದಿನ ಚಕ್ರ ಕಿರುಗುಟ್ಟಲು ಶುರುಮಾಡಿತು. ಮನೆಯ ಹತ್ತಿರದ ಹೊಸ ಮೆಕ್ಯಾನಿಕ್ಕಿನ ಬಳಿ ಹೋದೆ. ಬಹಳ ನಯವಾದ ಮನುಷ್ಯ, ಬಾಗಿಲಲ್ಲಿ ಅಡ್ಡ ಏನೂ ಇಲ್ಲ. ಹಳೆಯ ಪ್ಯಾಡು ಬಿಚ್ಚಿ, ಪೂರ್ತಿ ಸವೆದಿದೆ ಎಂದು ಕಸಕ್ಕೆ ಹಾಕಲು ಹೋದ. ಕೊಡು ಎಂದು ಇಸಿದುಕೊಂಡೆ. ಕಬ್ಬಿಣ ಕಾಣುವಷ್ಟು ಸವೆದಿದ್ದವು. ಜೇಬಿನಲ್ಲಿ ಹಾಕಿಕೊಂಡು, ಯೋಚನೆಯಿಲ್ಲದೆ ಡೆವನ್ ಅವೆನ್ಯೂ ಕಡೆಗೆ ಆರು ಮೈಲಿ ಹೋಗಿಬಿಟ್ಟಿದ್ದೆ. ಆಮೇಲೆ ನೆನಪಾಗಿ, ಒಂದು ಎಕ್ಸಿಟ್ಟಿನಲ್ಲಿ ಇಳಿದು ವಾಪಸು ಬಂದೆ.