ಕೆಂಪುಕೋಟೆಯ ಹೊರಗೆ ದೋರನಹಳ್ಳಿಯ ರೊಟ್ಟಿ

ಈ ಸಲವೂ ಬಾಯಿ ಬಿಟ್ಟು ಕೇಳಲಾಗದೇ ಹೋದರೆ? ಬೆಳಕು ಹರಿಯುವ ಮೊದಲೇ ಒಲೆ ಹೊತ್ತಿಸಿ ಕೂತ ಸೂಗಮ್ಮನಿಗೆ ಇದೊಂದೇ ಅಳುಕು. ಸೊಸೆಗೂ ಹೇಳಿಲ್ಲ. ಕುದಿಯುವ ನೀರನ್ನು ಜೋಳದ ಹಿಟ್ಟಿಗೆ ಸುರಿದು, ಸುಡುವಾಗಲೇ ನಾದುತ್ತಾಳೆ. ಸ್ವಲ್ಪ ಹೊತ್ತಿಗೆ ದೋರನಹಳ್ಳಿಯ ಆ ಓಣಿಯ ತುಂಬ ರೊಟ್ಟಿ ಬಡಿಯುವ ಸದ್ದು.

ಇವತ್ತು ಯಾದಗಿರಿಯಿಂದ ರೈಲು ಹತ್ತಿ ಸಂಗಣ್ಣನ ದಿಲ್ಲಿ ಪ್ರವಾಸದ ತಂಡ ಹೊರಡುತ್ತದೆ. ಕಾಲುವೆಗೆ ನೀರು ಬಂದು, ಹತ್ತಿ, ಭತ್ತ ಕೈಗೆ ಹತ್ತಿದ ಮೇಲೆ ಈ ಸೀಮೆಯಲ್ಲಿ ಹುಟ್ಟಿದ ಹೊಸ ಹುಚ್ಚು ಇದು: ಸುಗ್ಗಿ ಮುಗಿದರೆ ದಿಲ್ಲಿ. ಶಹಾಪುರ, ಕೆಂಭಾವಿ ಕಡೆಯ ರೈತರು ಎಂಥ ಕೋಟೆಯನ್ನಾದರೂ ನೋಡಿಯಾರು, ಜೋಳದ ರೊಟ್ಟಿಯಿಲ್ಲದೆ ಮಾತ್ರ ಇರಲಾರರು. ಹಾಗಾಗಿ ಸೂಗಮ್ಮ ಬೇಕು.

"ಗಂಡ ತೀರಿಕೊಂಡ ವರ್ಷ ಸಂಗಣ್ಣ ಬಂದು ಕರದ. ದಿಲ್ಲಿ ಅಂದ್ರ ಕೆಂಭಾವಿ ದಾಟಿದ ಮ್ಯಾಲ ಎಲ್ಲೋ ಬರ್ತದ ಅಂದ್ಕೊಂಡಿದ್ದೆ" ಎಂದು ನಗುತ್ತಾಳೆ. "ರಾತ್ರಿ ಕಳದು ಹಗಲಾದ್ರೂ ಯಾರೂ ಇಳೀಲೊಲ್ರು."

ಅದಕ್ಕೂ ಮೊದಲು ಕಾಲುವೆ ತೋಡುವಲ್ಲಿ ಮಣ್ಣಿನ ಬುಟ್ಟಿ ಹೊತ್ತವಳು ಅವಳು. ನೀರು ಬಂತು. ಅವಳ ತುಂಡು ಹೊಲ ಮಾತ್ರ ಕಾಲುವೆಗಿಂತ ಎತ್ತರದಲ್ಲಿತ್ತು, ನೀರು ಹತ್ತಲಿಲ್ಲ.

ದಿಲ್ಲಿಯಲ್ಲಿ ಅವಳ ಕೆಲಸ ನಸುಕಿಗೆ ಧರ್ಮಶಾಲೆಯ ಅಂಗಳದಲ್ಲಿ ಶುರು. ಪುಂಡಿಪಲ್ಯ, ಶೇಂಗಾ ಹಿಂಡಿ, ಬಿಸಿ ಅನ್ನ. ಆಮೇಲೆ ಬುತ್ತಿಗಂಟಿನ ಜೊತೆ ಬಸ್ಸು. ಎಲ್ಲರೂ ಒಳಗೆ ಹೋಗುತ್ತಾರೆ. ಚೀಲ, ಬುತ್ತಿ, ಚಪ್ಪಲಿ ಕಾಯುತ್ತ ಅವಳು ಬಾಗಿಲ ಹೊರಗೆ ಕೂರುತ್ತಾಳೆ. ಒಳಗಿನದು ಅವಳಿಗೆ ಹೊರಬಂದವರ ಮೈಮೇಲೆ ಕಾಣುತ್ತದೆ. ಕುತುಬ್ ಮಿನಾರಿನಿಂದ ಬಂದವರು ಕುತ್ತಿಗೆ ತಿಕ್ಕಿಕೊಳ್ಳುತ್ತಾರೆ. ಕೆಂಪುಕೋಟೆಯಿಂದ ಬಂದ ಗಂಡಸರ ದನಿ ಒಂದಿಷ್ಟು ಏರಿರುತ್ತದೆ, ಬಾದಶಹನ ಬೀಗರಾಗಿ ಬಂದವರಂತೆ. ಸಂಜೆ ಮುದುಕಿಯರ ಕಾಲಿಗೆ ಎಣ್ಣೆ ತಿಕ್ಕುವಾಗ ಹಿಮ್ಮಡಿಯ ಬಿರುಕಿನಿಂದ ಕೆಂಪು ಧೂಳು ಬೆರಳಿಗೆ ಬರುತ್ತದೆ. ಕಣ್ಣು ಮುಚ್ಚಿದರೆ ಆ ಧೂಳೇ ಮೆಲ್ಲಗೆ ಎದ್ದು ಗೋಡೆಯಾಗುತ್ತದೆ, ಗುಮ್ಮಟವಾಗುತ್ತದೆ. ಅದರೊಳಗೆ ಅವಳೊಬ್ಬಳೇ, ಬರಿಗಾಲಲ್ಲಿ ನಡೆಯುತ್ತಿರುತ್ತಾಳೆ.

ಒಮ್ಮೆ ರಾಜಘಾಟಿಗೆ ಎಲ್ಲರೂ ವಿಭೂತಿ, ತೆಂಗಿನಕಾಯಿ ಹಿಡಿದು ಹೊರಟರು. ಮಹಾತ್ಮನ ಗದ್ದಿಗೆ ಅಂದ ಮೇಲೆ ಕಾಯಿ ಒಡೆಯದೆ ಹೇಗೆ? ಕಾವಲಿನವನು ಬಿಡಲಿಲ್ಲ. ಕಾಯಿಗಳೆಲ್ಲ ಹೊರಗೆ, ಸೂಗಮ್ಮನ ಮಡಿಲಿಗೆ ಬಂದವು. "ಬಂದ ಕಾಯಿ ಹಂಗೇ ತಿರುಗಿಸಬಾರ್ದ್ರಿ. ಅಲ್ಲೇ ಬಾಗಲ ಕಡಿ ಮುಖ ಮಾಡಿ ಒಡದೆ. ಎಲ್ಲಾರಿಗೂ ಚಟ್ನಿ ಮಾಡಿ ಹಾಕ್ದೆ. ಗಾಂಧಿ ಅಜ್ಜ ಬ್ಯಾಡ ಅಂತಾನೇನು?"

ಬೆಳಕಾಗಿದೆ. ಮೊದಲ ಸಲ ದಿಲ್ಲಿಗೆ ಹೊರಟ ನೆರೆಮನೆಯ ದೇವಕ್ಕ ಬಂದು ರೊಟ್ಟಿಗಳನ್ನು ಕಡಕಾಗಲು ಒಲೆಯ ಸುತ್ತ ನಿಲ್ಲಿಸುತ್ತಿದ್ದಾಳೆ.

"ದಿಲ್ಲ್ಯಾಗಿನ ಅಷ್ಟು ದೊಡ್ಡ ಗುಮ್ಮಟದಾಗ ಯಾರ ಇರ್ತಾರಬೇ?"

"ಸತ್ತವ್ರು."

"ಬದುಕಿದವ್ರು?"

"ಹೊರಗ ಕುಂತು ರೊಟ್ಟಿ ಕಾಯ್ತಾರ."

ದೇವಕ್ಕ ನಕ್ಕು ಸುಮ್ಮನಾಗುವುದಿಲ್ಲ. "ಚಾಷ್ಟಿ ಸಾಕು. ಒಳಗ ತಂಪಿರ್ತದೋ ಇಲ್ಲೋ, ಅದನ್ನರ ಹೇಳು. ನೀ ಎಷ್ಟು ಸಲ ಹೋಗಿ ಬಂದಾಕಿ."

ಸೂಗಮ್ಮ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾಳೆ. ಊರೆಲ್ಲ ಅವಳನ್ನು 'ದಿಲ್ಲಿ ಸೂಗಮ್ಮ' ಅನ್ನುತ್ತದೆ. ನೀ ಏನೇನು ನೋಡಿದಿ ಎಂದು ಯಾರೂ ಕೇಳಿದ್ದಿಲ್ಲ. ಬರುವ ವರ್ಷದಿಂದ ಊಟ ಅಲ್ಲಿನ ಹೋಟೆಲಿನಲ್ಲೇ ಎಂದು ಸಂಗಣ್ಣ ಮೊನ್ನೆ ಹೇಳಿ ಹೋಗಿದ್ದಾನೆ. ಅವಳ ಪಾಲಿಗೆ ಇದೇ ಕಡೆಯ ದಿಲ್ಲಿ.

ಜೀಪು ಬಂದು ನಿಲ್ಲುತ್ತದೆ. ಇಳಿಯುತ್ತಲೇ ಸಂಗಣ್ಣ ಒಂದು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾನೆ.

"ಸೂಗಕ್ಕ, ಮಂದಿ ಚೀಲ, ಚಪ್ಪಲಿ ಎಲ್ಲಾ ನಿನ್ನ ಹವಾಲಿ ನೋಡು. ನೀ ಬಾಗಲದಾಗ ಕುಂತ್ರ ನಮಗ ಚಿಂತಿ ಇಲ್ಲ. ನಿಂದೇನು, ನೋಡಿದ್ದೇ ದಿಲ್ಲಿ."

ಪ್ರತಿ ಸಲ ಈ ಮಾತಿಗೆ ಅವಳು ಹೂಂ ಅನ್ನುತ್ತಾಳೆ. ಇವತ್ತು ಬಡಿಯುತ್ತಿದ್ದ ಕೈ ನಿಲ್ಲುತ್ತದೆ. ಸೀದ ವಾಸನೆಗೆ ದೇವಕ್ಕ ಹಂಚಿನ ಮೇಲಿನ ರೊಟ್ಟಿ ತಿರುವುತ್ತಾಳೆ. ಸೂಗಮ್ಮ ತಲೆಯೆತ್ತುತ್ತಾಳೆ.

"ದಿಲ್ಲಿ ನಾ ನೋಡಿಲ್ಲಪ್ಪ ಸಂಗಣ್ಣ. ಈ ಸಲ ನನಗ ಒಳಗ ಹೋಗಬೇಕಾಗ್ಯಾದ."