ಏರ್ ಸ್ಕ್ರೂ ತಾಗುವ ಜಾಗ

ಬೈಕು ಸಿಗ್ನಲ್ಲಿನಲ್ಲಿ ನಿಂತಾಗ ಆಫ್ ಆಗಬಾರದು, ಸುಮ್ಮನೆ ಗುಟುಗುಟು ಅನ್ನುತ್ತಾ ನಿಲ್ಲಬೇಕು. ಅದಕ್ಕೆ ಗಾಳಿ, ಪೆಟ್ರೋಲು ಎಷ್ಟೆಷ್ಟು ಬೆರೆಯಬೇಕೆಂದು ತೀರ್ಮಾನಿಸುವುದು ಕಾರ್ಬುರೇಟರಿನ ಪಕ್ಕದಲ್ಲಿರುವ ಒಂದು ಪುಟ್ಟ ಹಿತ್ತಾಳೆ ಸ್ಕ್ರೂ. ನಾವು ಅದನ್ನು ಏರ್ ಸ್ಕ್ರೂ ಅನ್ನುತ್ತೇವೆ. ಮೊದಲು ಅದು ಒಳಗೆ ತಾಗುವವರೆಗೆ ತಿರುಗಿಸಬೇಕು, ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಬೇಕು, ಆಮೇಲಿನದು ಕಿವಿಯ ಕೆಲಸ. ತಾಗುವುದು ಅಂದರೆ ಬರೀ ತಾಗುವುದು. ಜಾಸ್ತಿ ಬಿಗಿದರೆ ಸೂಜಿಯಂಥ ಅದರ ತುದಿ ಮುರಿಯುತ್ತದೆ. ಬಟವಾಡಿಯಲ್ಲಿ ಗ್ಯಾರೇಜು ಇಟ್ಟಾಗಿನಿಂದ ನಾನು ಒಂದನ್ನೂ ಮುರಿದಿರಲಿಲ್ಲ. ಗುಬ್ಬಿ, ಕುಣಿಗಲ್ ಕಡೆಯವರೂ ದಾರಿಯ ಮೆಕ್ಯಾನಿಕ್‌ಗಳನ್ನೆಲ್ಲ ದಾಟಿ ನನ್ನ ಹತ್ತಿರ ಬರುತ್ತಿದ್ದರು. ಬಂದು, "ಮೈಲೇಜ್ ಬರಂಗೆ ಮಾಡ್ಕೊಡಣ್ಣ" ಎಂದು ತಲೆ ತಿನ್ನುತ್ತಿದ್ದರು. ಗಾಡಿ ನೀರು ಕುಡಿದು ಓಡಿದರೂ ಈ ಜನಕ್ಕೆ ಸಮಾಧಾನವಿಲ್ಲ.

ಈಗಿನ ಗಾಡಿಗಳಲ್ಲಿ ಕಾರ್ಬುರೇಟರೇ ಇಲ್ಲ. ಉಳಿದಿರುವ ಹಳೆಯ ಗಾಡಿಗಳಿಂದಲೇ ನನ್ನ ಹೊಟ್ಟೆಪಾಡು. ಅಷ್ಟರಲ್ಲಿ ಶುಗರ್ ಕಾಯಿಲೆ ಬೆರಳ ತುದಿಗೆ ಬಂತು. ಮೊದಲು ಜೋಮು, ಆಮೇಲೆ ಏನೂ ಇಲ್ಲ. ನರ ಸತ್ತಿದೆ, ಸರಿಹೋಗುವುದು ಕಷ್ಟ ಎಂದರು ಡಾಕ್ಟರು. ಶರ್ಟಿನ ಗುಂಡಿಯನ್ನೂ ಕನ್ನಡಿ ನೋಡಿಕೊಂಡೇ ಹಾಕಬೇಕಾಯಿತು. ಆದರೂ ಕೆಲಸ ಬಿಡಲಿಲ್ಲ. ಬಿಟ್ಟು ಏನು ಮಾಡಲಿ?

ಹೋದ ತಿಂಗಳು ನಿಟ್ಟೂರಿನ ತೆಂಗಿನ ತೋಟದ ಯಜಮಾನರು ಬಂದರು. ನನಗಿಂತ ದೊಡ್ಡವರು. ಅವರ ಗಾಡಿಯನ್ನು ಹೊಸದಾಗಿದ್ದಾಗಿನಿಂದ ನಾನೇ ನೋಡಿಕೊಂಡಿದ್ದೇನೆ. ಈಗ ತಾಗುತ್ತದೆ, ಈಗ ತಾಗುತ್ತದೆ ಎಂದು ಸ್ಕ್ರೂ ತಿರುಗಿಸುತ್ತಲೇ ಇದ್ದೆ. ಬೆರಳಿಗೆ ಏನೂ ತಿಳಿಯಲೇ ಇಲ್ಲ. ಬಿಚ್ಚಿ ನೋಡಿದರೆ ತುದಿ ಮುರಿದು ಒಳಗೇ ಕೂತಿತ್ತು, ಕಾರ್ಬುರೇಟರೇ ಹಾಳಾಗಿತ್ತು.

"ಹಳೇದು ಕಣೋ, ಸವೆದಿತ್ತು. ನಿನ್ ಕೈಲಿ ಮುರಿಯೋದುಂಟಾ" ಎಂದು ಗಾಡಿ ನನ್ನಲ್ಲೇ ಬಿಟ್ಟು ಬಸ್ಸಿನಲ್ಲಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಅವರು ಮತ್ತೆ ಬರುವಷ್ಟರಲ್ಲಿ ಹೊಸ ಕಾರ್ಬುರೇಟರ್ ತರಿಸಿ ಕೂರಿಸಿದ್ದೆ. ಏರ್ ಸ್ಕ್ರೂ ಮುಟ್ಟಲು ಮಾತ್ರ ಧೈರ್ಯ ಬರಲಿಲ್ಲ. ಸ್ಕ್ರೂಡ್ರೈವರನ್ನು ಅವರ ಕೈಗೇ ಕೊಟ್ಟೆ.

"ಯಜಮಾನ್ರೆ, ನನ್ ಬೆರಳಿಗೆ ಗೊತ್ತಾಗ್ತಿಲ್ಲ. ನೀವೇ ನಿಧಾನಕ್ಕೆ ತಿರುಗ್ಸಿ. ತಾಗ್ತಿದ್ದಂಗೆ ನಿಲ್ಸಿ."

ಕಾಯಿ ಸುಲಿದು ಸುಲಿದು ಜಡ್ಡುಗಟ್ಟಿದ ಕೈ ಅದು. ಆ ಕೈಗೇನು ತಿಳಿದೀತು ಎಂದುಕೊಂಡೆ. ತಿಳಿಯದಿರಲಿ ಎಂದು ಒಳಗೊಳಗೇ ಆಸೆಯೂ ಇತ್ತು.

"ತಾಗ್ತು ಕಣ್ಲಾ" ಎಂದರು.

ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿಸಿದೆ. ಗಾಡಿ ಸ್ಟಾರ್ಟ್ ಮಾಡಿ, ಕಿವಿಗೊಟ್ಟು, ಇನ್ನೊಂಚೂರು ಬಿಚ್ಚಿ ಅಂದೆ. ಇಂಜಿನ್ನು ಹದಕ್ಕೆ ಬಂತು. ನಾನೇ ಮಾಡಿದ್ದರೂ ಅದಕ್ಕಿಂತ ಚೆನ್ನಾಗಿ ಆಗುತ್ತಿರಲಿಲ್ಲ.

ಅವರಿಗೆ ಖುಷಿಯೋ ಖುಷಿ. ನನ್ನ ಬೆನ್ನು ತಟ್ಟಿ, "ಇಷ್ಟೇನೇನ್ಲಾ? ಇದಕ್ಕಾ ನಾನು ಇಷ್ಟ್ ವರ್ಷ ನಿಟ್ಟೂರಿಂದ ಬತ್ತಿದ್ದದ್ದು? ಇನ್ಮೇಲೆ ಮನೇಲೇ ಮಾಡ್ಕತೀನಿ ಬುಡು, ನಿಂಗೂ ತೊಂದ್ರೆ ಇಲ್ಲ" ಎಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನೂ ಹೂಂ ಅಂದೆ. ಅವರ ಗಾಡಿ ಹೊರಟ ಮೇಲೆ ಶಟರ್ ಅರ್ಧ ಎಳೆದುಕೊಂಡು ಒಳಗೆ ಕೂತು ಅತ್ತೆ.